ಗಲ್ಲಾಪೆಟ್ಟಿಗೆಯ ಪಕ್ಕದ ಮೊಬೈಲು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆನಿಂತ ಕನ್ನಡಿಗರು ತಂತಮ್ಮ ಉದ್ಯೋಗಗಳನ್ನು ಕಟ್ಟಿಕೊಂಡುದು ಬಹುಮಟ್ಟಿಗೆ ಮೂರರ ಬಲದಿಂದ: ಬೀಗವುಳ್ಳ ಗಲ್ಲಾಪೆಟ್ಟಿಗೆ, ದಿನ ತಪ್ಪದೆ ಬರೆದ ಕಿರ್ದಿ, ನಂಬಿಕೆಗೆ ಅರ್ಹನಾದ ಒಬ್ಬ ಗುಮಾಸ್ತ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಕಾಲದಿಂದ ಮೊನ್ನೆಮೊನ್ನೆಯವರೆಗೂ, ಹೋಟೆಲಿರಲಿ, ದಿನಸಿ ಅಂಗಡಿಯಿರಲಿ, ಸಾರಿಗೆ ಕಚೇರಿಯಿರಲಿ, ಈ ಮೂರರ ಪೈಕಿ ಒಂದು ಕೈಕೊಟ್ಟರೂ ಉಳಿದೆರಡು ಕೈಹಿಡಿಯುತ್ತಿದ್ದವು. ಗುಮಾಸ್ತ ಊರಿಗೆ ಹೋದರೆ ಕಿರ್ದಿ ಇತ್ತು; ಕಿರ್ದಿ ಮಳೆಗೆ ನೆನೆದರೆ ಗುಮಾಸ್ತನ ನೆನಪಿತ್ತು.

ಇಂದು ಆ ಮೂರೂ ಅಂಗೈಯಗಲದ ಒಂದೇ ಯಂತ್ರದೊಳಗೆ ಸೇರಿಕೊಂಡಿವೆ. 2016ರ ಏಪ್ರಿಲಿನಲ್ಲಿ ಯುಪಿಐ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯು ವ್ಯಾಪಾರಸ್ಥರನ್ನು ಅದರ ಬಾಗಿಲಿಗೆ ತಂದು ನಿಲ್ಲಿಸಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದು ಲೆಕ್ಕಪತ್ರವನ್ನೂ ಗಣಕೀಕರಣದ ಕಡೆಗೆ ತಳ್ಳಿತು. ಮದುವೆ ಊಟದ ಆರ್ಡರು ಬರುವುದು ವಾಟ್ಸ್ಆ್ಯಪಿನಲ್ಲಿ, ಮುಂಗಡ ಬರುವುದು ಯುಪಿಐಯಲ್ಲಿ, ತರಕಾರಿಯವನ ಬಾಕಿ ನೆನಪಾಗುವುದು ಅದೇ ಪರದೆಯಲ್ಲಿ, ಬ್ಯಾಂಕಿನ ಗುಪ್ತಸಂಖ್ಯೆ ಬಂದು ಬೀಳುವುದೂ ಅಲ್ಲಿಯೇ. ಗಲ್ಲಾಪೆಟ್ಟಿಗೆಯ ಕೀಲಿಯನ್ನು ತಮ್ಮ ಮಗನಿಗೂ ಕೊಡದಿದ್ದ ಮಾಲೀಕರು ಈ ಯಂತ್ರವನ್ನು ಮೊಮ್ಮಗುವಿನ ಕೈಗೆ ಆಟವಾಡಲು ಕೊಟ್ಟು ಊಟಕ್ಕೆ ಕೂಡುತ್ತಾರೆ.

ಇಷ್ಟೊಂದು ಹೊರೆ ಹೊತ್ತ ವಸ್ತುವನ್ನು ಆರಿಸುವ ಬಗೆಯಾದರೂ ಎಂತಹುದು? ಹಿಟ್ಟು ರುಬ್ಬುವ ಯಂತ್ರ ಕೊಳ್ಳುವಾಗ ನಮ್ಮ ಹೋಟೆಲಿನವರು ಕೊಯಮತ್ತೂರಿನ ನಾಲ್ಕು ತಯಾರಕರ ಬೆಲೆ ವಿಚಾರಿಸುತ್ತಾರೆ, ಮೋಟಾರಿನ ಶಕ್ತಿ ಕೇಳುತ್ತಾರೆ, ಕಲ್ಲನ್ನು ಕೈಯಿಂದ ಸವರಿ ನೋಡುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ತಿಳಿದುಕೊಂಡ ಮೇಲೆಯೇ ಮುಂಗಡ ಕೊಡುತ್ತಾರೆ. ಮೊಬೈಲಿನ ಮಾತು ಬಂದಾಗ ಮಾತ್ರ ಅಕ್ಕನ ಮಗನ ಅಭಿಪ್ರಾಯವೇ ಅಂತಿಮ. ಅಥವಾ ಸಂಘದ ಸಭೆಯಲ್ಲಿ ಪಕ್ಕದ ಕುರ್ಚಿಯವರು ಮೇಜಿನ ಮೇಲೆ ಬೋರಲು ಹಾಕಿಟ್ಟ ಐಫೋನಿನ ಹಿಂಬದಿಯ ಸೇಬಿನ ಗುರುತೇ ತೀರ್ಪು ಹೇಳಿಬಿಡುತ್ತದೆ. ಇದನ್ನು ಆಯ್ಕೆ ಎನ್ನುವುದಕ್ಕಿಂತ ಅನುಕರಣೆ ಎನ್ನುವುದೇ ಸರಿ.

ಮೊಬೈಲಿನ ಒಳಗೆ ಅದರ ಎಲ್ಲ ಕೆಲಸಗಳನ್ನೂ ನಡೆಸುವ ಒಂದು ಮೂಲ ತಂತ್ರಾಂಶವಿರುತ್ತದೆ. ಅದೇ ಅದರ ಕಾರ್ಯವ್ಯವಸ್ಥೆ. ಈಗ ಉಳಿದಿರುವ ಮುಖ್ಯ ಕಾರ್ಯವ್ಯವಸ್ಥೆಗಳು ಎರಡೇ: ಗೂಗಲ್ ಸಂಸ್ಥೆಯ ಆಂಡ್ರಾಯ್ಡ್, ಆ್ಯಪಲ್ ಸಂಸ್ಥೆಯ ಐಓಎಸ್. ಮೊದಲನೆಯದು ಹತ್ತಾರು ಕಂಪನಿಗಳ ಯಂತ್ರಗಳಲ್ಲಿ ಸಿಗುತ್ತದೆ. ಎರಡನೆಯದು ಐಫೋನಿನಲ್ಲಿ ಮಾತ್ರ. ಭಾರತದಲ್ಲಿ ಬಳಕೆಯಲ್ಲಿರುವ ಇಂತಹ ಮೊಬೈಲುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡಿನವು. ಆದರೆ ಹೆಚ್ಚು ಜನ ಹೋಗುವ ದಾರಿಯೇ ಸರಿದಾರಿ ಎಂದು ತಿಳಿಯುವುದಕ್ಕೆ ಮೊದಲು, ಈ ಮೂವತ್ತು ವರ್ಷಗಳಲ್ಲಿ ಮುಚ್ಚಿಹೋದ ದಾರಿಗಳನ್ನು ಒಮ್ಮೆ ನೆನೆಯುವುದು ಲೇಸು.

1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಸಂಭಾಷಣೆ ನಡೆಸಿದಾಗ ಅದು ನಡೆದುದು ನೋಕಿಯಾ ಯಂತ್ರದಲ್ಲಿ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಾದ್ಯಂತ 25 ಕೋಟಿಯಷ್ಟು ಮಾರಾಟವಾಯಿತು. ತಲೆಯಲ್ಲೊಂದು ಪುಟ್ಟ ದೀಪವಿದ್ದ ಆ ಯಂತ್ರವನ್ನು ನೆನೆಯದ ನಡುವಯಸ್ಸಿನ ವ್ಯಾಪಾರಿ ಇರಲಾರ. 2006ರಲ್ಲಿ ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ ಆ ಕಂಪನಿಯ ಕಾರ್ಖಾನೆ ತಲೆಯೆತ್ತಿತು. ಅದರ ಸಿಂಬಿಯನ್ ಕಾರ್ಯವ್ಯವಸ್ಥೆ ಶಾಶ್ವತವೆಂದೇ ಎಲ್ಲರೂ ತಿಳಿದಿದ್ದರು. 2011ರ ಫೆಬ್ರುವರಿಯಲ್ಲಿ ನೋಕಿಯಾ ತಾನೇ ಅದನ್ನು ಕೈಬಿಟ್ಟು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸನ್ನು ಅಪ್ಪಿಕೊಂಡಿತು. 2014ರ ಏಪ್ರಿಲಿನಲ್ಲಿ ಅದರ ಮೊಬೈಲು ವಿಭಾಗವೇ ಮೈಕ್ರೋಸಾಫ್ಟಿನ ಪಾಲಾಯಿತು. ಅದೇ ವರ್ಷದ ನವೆಂಬರ್ 1ರಂದು ಶ್ರೀಪೆರಂಬುದೂರಿನ ಕಾರ್ಖಾನೆಯ ಬಾಗಿಲು ಮುಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ವಿಂಡೋಸ್ ಮೊಬೈಲಿಗಾದರೂ ಆಯುಷ್ಯವಿತ್ತೇ? 2019ರ ಡಿಸೆಂಬರಿನಲ್ಲಿ ಅದಕ್ಕೆ ವಾಟ್ಸ್ಆ್ಯಪ್ ನಿಂತಿತು, ಮರುತಿಂಗಳು ಮೈಕ್ರೋಸಾಫ್ಟಿನ ಬೆಂಬಲವೂ ಕೊನೆಗೊಂಡಿತು.

ಬ್ಲ್ಯಾಕ್‌ಬೆರಿಯ ಕಥೆ ಇನ್ನೂ ಬೋಧಪ್ರದ. ಕೆನಡಾ ದೇಶದ ಆ ಯಂತ್ರ ವ್ಯವಹಾರಕ್ಕೆಂದೇ ಹುಟ್ಟಿದ್ದು. ದೊಡ್ಡ ಕಂಪನಿಯ ಅಧಿಕಾರಿ ಎಂಬುದಕ್ಕೆ ಅದರ ಸಣ್ಣಸಣ್ಣ ಗುಂಡಿಗಳ ಕೀಲಿಮಣೆಯೇ ಬಿರುದು. ಅದರ ಗೂಢಲಿಪಿ ಎಷ್ಟು ಬಿಗಿಯೆಂದರೆ 2010ರಲ್ಲಿ ನಮ್ಮ ಸರಕಾರವೇ ಸಂದೇಶಗಳನ್ನು ಪರಿಶೀಲಿಸಲು ದಾರಿ ಮಾಡಿಕೊಡಬೇಕೆಂದು ಕಂಪನಿಯೊಡನೆ ಜಗ್ಗಾಡಬೇಕಾಯಿತು. ಇಂತಹ ಯಂತ್ರದ ಸೇವೆ 2011ರ ಅಕ್ಟೋಬರಿನಲ್ಲಿ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಸುಮಾರು ಮೂರು ದಿನ ಕೈಕೊಟ್ಟಿತು. 2017ರ ಕೊನೆಯ ದಿನ ಅದರ ಮೇಲೆ ವಾಟ್ಸ್ಆ್ಯಪಿಗೆ ಬೆಂಬಲ ನಿಂತಿತು. 2022ರ ಜನವರಿ 4ರಿಂದ ಬ್ಲ್ಯಾಕ್‌ಬೆರಿಯ ಸ್ವಂತ ಕಾರ್ಯವ್ಯವಸ್ಥೆಗೆ ಆಧಾರವಾಗಿದ್ದ ಸೇವೆಗಳನ್ನೇ ಕಂಪನಿ ನಿಲ್ಲಿಸಿತು; ಆ ಹಳೆಯ ಯಂತ್ರಗಳಿಂದ ಕರೆ ಮಾಡುವುದಕ್ಕೂ ಭರವಸೆಯಿಲ್ಲದಂತಾಯಿತು. ವ್ಯವಹಾರಕ್ಕೆ ಅತ್ಯಂತ ಯೋಗ್ಯವೆಂದು ಜಗತ್ತೇ ಒಪ್ಪಿದ್ದ ಆಯ್ಕೆಯ ಗತಿ ಹೀಗೆ.

ಆದುದರಿಂದ ವ್ಯಾಪಾರಸ್ಥ ಕೇಳಬೇಕಾದ ಮೊದಲ ಪ್ರಶ್ನೆ ಯಾವುದು ಶ್ರೇಷ್ಠ ಎಂಬುದಲ್ಲ. ಇದನ್ನು ಬಿಟ್ಟು ಹೊರಡಬೇಕಾದ ದಿನ ಏನೇನನ್ನು ಜತೆಗೆ ಒಯ್ಯಬಹುದು ಎಂಬುದು. ಗಿರಾಕಿಗಳ ಹೆಸರು-ಸಂಖ್ಯೆಗಳು ಮತ್ತೊಂದು ಯಂತ್ರಕ್ಕೆ ಹೋಗುತ್ತವೆಯೇ? ಲೆಕ್ಕದ ತಂತ್ರಾಂಶವು ತನ್ನ ಲೆಕ್ಕಗಳನ್ನು ಸಾಮಾನ್ಯ ಕಡತವಾಗಿ ಹೊರಗೆ ಕೊಡುತ್ತದೆಯೇ? ವಾಟ್ಸ್ಆ್ಯಪಿನ ಹಳೆಯ ಸಂದೇಶಗಳನ್ನು ಐಫೋನಿನಿಂದ ಆಂಡ್ರಾಯ್ಡಿಗೆ ಸಾಗಿಸುವ ಅಧಿಕೃತ ದಾರಿ ತೆರೆದುದೇ 2021ರಲ್ಲಿ, ಆಂಡ್ರಾಯ್ಡಿನಿಂದ ಐಫೋನಿಗೆ 2022ರಲ್ಲಿ. ಅದಕ್ಕೆ ಮುಂಚೆ ಯಂತ್ರ ಬದಲಿಸಿದ ಎಷ್ಟೋ ಮಂದಿ ಉದ್ರಿಯ ಲೆಕ್ಕ, ಆರ್ಡರಿನ ವಿವರ, ಕೊಟ್ಟ ಮಾತುಗಳನ್ನೆಲ್ಲ ಹಳೆಯ ಯಂತ್ರದಲ್ಲಿಯೇ ಬಿಟ್ಟುಬಂದರು.

ಎರಡನೆಯದು ಆಯುಷ್ಯದ ಪ್ರಶ್ನೆ. ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳ ಕಾಲ ಕಾಪಾಡಬೇಕು. ಅಂದರೆ ಆರು ವರ್ಷ. ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಯಂತ್ರಗಳಿಗೆ ಭದ್ರತೆಯ ತಿದ್ದುಪಡಿಗಳು ದೊರೆಯುವುದು ಎರಡು, ಹೆಚ್ಚೆಂದರೆ ಮೂರು ವರ್ಷ. ಆಮೇಲೂ ಯಂತ್ರ ನಡೆಯುತ್ತದೆ, ಗಂಟೆ ಬಾರಿಸುತ್ತದೆ, ಹಾಡು ಹೇಳುತ್ತದೆ. ಆದರೆ ಹಿತ್ತಲ ಬಾಗಿಲ ಅಗುಳಿ ಮುರಿದ ಮನೆಯಂತೆ ಅದರ ಸ್ಥಿತಿ. ಕಳ್ಳತನದ ಹೊಸ ಉಪಾಯಗಳು ಹೊರಬಿದ್ದಂತೆಲ್ಲ ಅವಕ್ಕೆ ಪ್ರತಿಯಾದ ತಿದ್ದುಪಡಿ ಇತರರಿಗೆ ಸಿಗುತ್ತದೆ, ಇವನಿಗೆ ಸಿಗುವುದಿಲ್ಲ. ಈ ವಿಷಯದಲ್ಲಿ ಆ್ಯಪಲ್ ಸಂಸ್ಥೆಯ ನಡವಳಿಕೆ ಬಹುಕಾಲದಿಂದ ಮೇಲು: 2018ರಲ್ಲಿ ಬಂದ ಐಫೋನ್ ಎಕ್ಸ್‌ಆರ್ ಯಂತ್ರಕ್ಕೆ 2024ರ ಐಓಎಸ್ 18 ಕೂಡ ದೊರೆಯಿತು. ಆಂಡ್ರಾಯ್ಡಿನ ಕಡೆ ತಡವಾಗಿಯಾದರೂ ಎಚ್ಚರ ಮೂಡಿದೆ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ವಾಗ್ದಾನ ನೀಡಿದವು. ಇವು ದುಬಾರಿ ಯಂತ್ರಗಳು ನಿಜ. ಆದರೆ 2024ರ ಅಕ್ಟೋಬರಿನಲ್ಲಿ, ಇಪ್ಪತ್ತು ಸಾವಿರ ರೂಪಾಯಿಗಳೊಳಗೆ ಮಾರಾಟಕ್ಕೆ ಬಂದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷಗಳ ವಾಗ್ದಾನ ಬಂದಿತು. ಸಾಮಾನ್ಯ ಹೋಟೆಲಿನವನಿಗೆ, ಕಿರಾಣಿ ಅಂಗಡಿಯವನಿಗೆ ದೊಡ್ಡ ಯಂತ್ರಗಳ ಸುದ್ದಿಗಿಂತ ಈ ಸಣ್ಣ ಸುದ್ದಿಯೇ ಮುಖ್ಯ.

ಹತ್ತು ಸಾವಿರದ ಯಂತ್ರವನ್ನು ಎರಡು ವರ್ಷಕ್ಕೊಮ್ಮೆ ಕೊಳ್ಳುವವನು ಆರು ವರ್ಷದಲ್ಲಿ ಮೂವತ್ತು ಸಾವಿರ ತೆರುತ್ತಾನೆ, ಮೂರು ಸಲ ಲೆಕ್ಕ ಸಾಗಿಸುವ ತೊಂದರೆಯನ್ನೂ ಅನುಭವಿಸುತ್ತಾನೆ. ಆರು ವರ್ಷ ಬಾಳುವ ಇಪ್ಪತ್ತು ಸಾವಿರದ ಯಂತ್ರ, ನಡುವೆ ಒಮ್ಮೆ ಬ್ಯಾಟರಿ ಬದಲಿಸಿದರೂ, ಅಗ್ಗವೇ. ಅಂಗಡಿಯವನು ಆ ಯಂತ್ರದ ಬಣ್ಣವನ್ನೂ ಕ್ಯಾಮರಾವನ್ನೂ ವರ್ಣಿಸುವಾಗ, ಭದ್ರತಾ ತಿದ್ದುಪಡಿ ಯಾವ ಇಸವಿಯವರೆಗೆ ಎಂದು ಕೇಳಿ ನೋಡಬೇಕು. ಬಹುಪಾಲು ಅವನಿಗೆ ಉತ್ತರ ತಿಳಿದಿರುವುದಿಲ್ಲ, ಆದರೆ ತಯಾರಕನ ಜಾಲತಾಣದಲ್ಲಿ ಅದು ಬರೆದಿರುತ್ತದೆ. ಬರೆದಿಲ್ಲದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ಸುರಕ್ಷತೆಯಲ್ಲಿ ಎರಡು ವ್ಯವಸ್ಥೆಗಳಿಗೂ ಇರುವ ನಿಜವಾದ ಅಂತರ ಬೇರೊಂದೆಡೆಯಿದೆ. ಈಚಿನ ವರ್ಷಗಳಲ್ಲಿ ವಾಟ್ಸ್ಆ್ಯಪಿನ ಮೂಲಕ ಮದುವೆಯ ಕರೆಯೋಲೆಯೆಂದೋ, ವಾಹನದ ದಂಡದ ಚಲನ್ ಎಂದೋ ಹೆಸರಿಟ್ಟ ಕಡತಗಳು ಬರುತ್ತಿವೆ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿರುತ್ತದೆ. ಅದು ಆಮಂತ್ರಣವಲ್ಲ, ಒಂದು ತಂತ್ರಾಂಶ. ಒತ್ತಿ ಒಪ್ಪಿಗೆಗಳನ್ನೆಲ್ಲ ಕೊಟ್ಟರೆ ಯಂತ್ರದೊಳಗೆ ಕುಳಿತು ಬ್ಯಾಂಕಿನಿಂದ ಬರುವ ಗುಪ್ತಸಂಖ್ಯೆಗಳನ್ನು ಕಳ್ಳನಿಗೆ ರವಾನಿಸುತ್ತದೆ. ಕೇಟರಿಂಗ್ ಮಾಡುವವನಿಗೆ ದಿನಕ್ಕೆ ಹತ್ತು ಕರೆಯೋಲೆ ಬರುವುದು ಸಹಜವೇ. ಅವನು ಒತ್ತದೆ ಇರುತ್ತಾನೆಯೇ? ಆಂಡ್ರಾಯ್ಡ್ ಇಂತಹ ಹೊರಗಿನ ತಂತ್ರಾಂಶವನ್ನು ಎಚ್ಚರಿಕೆ ಕೊಟ್ಟ ಮೇಲೆಯಾದರೂ ಒಳಗೆ ಬಿಟ್ಟುಕೊಳ್ಳುತ್ತದೆ; ಭಾರತದಲ್ಲಿ ಮಾರಾಟವಾಗುವ ಐಫೋನಿನಲ್ಲಿ ಈ ಕಡತ ತೆರೆಯುವುದೇ ಇಲ್ಲ. ಹೀಗಿರುವುದರಿಂದ, ಬಂದುದನ್ನೆಲ್ಲ ಒತ್ತುವ ಅಭ್ಯಾಸವುಳ್ಳವರಿಗೆ ಐಫೋನೇ ಒಳ್ಳೆಯದೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಪೊಲೀಸರ ವೇಷ ತೊಟ್ಟು ವಿಡಿಯೋ ಕರೆಯಲ್ಲಿ ಬೆದರಿಸುವ 'ಡಿಜಿಟಲ್ ಅರೆಸ್ಟ್' ವಂಚಕನಿಗೆ ಯಾವ ಕಾರ್ಯವ್ಯವಸ್ಥೆಯಾದರೂ ಒಂದೇ. ಅವನು ಮುರಿಯುವುದು ಯಂತ್ರವನ್ನಲ್ಲ, ಮನುಷ್ಯನ ಧೈರ್ಯವನ್ನು. ಹಣ ಹೋದ ಕೂಡಲೆ, ನಾಚಿಕೆಯನ್ನು ಬದಿಗಿಟ್ಟು, 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಐಫೋನಿನ ವ್ಯಾಮೋಹ ಮತ್ತೊಂದು ಪಿಡುಗು. ಅಂತಸ್ತಿಗಾಗಿ ಯಾರೋ ಬಳಸಿ ಬಿಟ್ಟ ಐದು ವರ್ಷದ ಯಂತ್ರವನ್ನು ಕೊಂಡರೆ ತಿದ್ದುಪಡಿಯ ಆಯುಷ್ಯ ಬಹುತೇಕ ಮುಗಿದೇ ಇರುತ್ತದೆ; ಕದ್ದ ಮಾಲಾದರೆ ಪೊಲೀಸು ಠಾಣೆಯ ಮೆಟ್ಟಿಲೂ ಹತ್ತಬೇಕಾದೀತು. ಪ್ರತಿ ಯಂತ್ರಕ್ಕೂ 15 ಅಂಕಿಗಳ ಒಂದು ಗುರುತುಸಂಖ್ಯೆ ಇರುತ್ತದೆ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಅದನ್ನು ಪರೀಕ್ಷಿಸಿಕೊಳ್ಳಬಹುದು. ಕಳೆದುಹೋದ ಯಂತ್ರವನ್ನು ದೇಶದ ಯಾವ ಜಾಲದಲ್ಲಿಯೂ ನಡೆಯದಂತೆ ತಡೆಹಾಕಿಸುವುದಕ್ಕೂ ಅಲ್ಲಿಯೇ ಅನುಕೂಲವಿದೆ.

ಇನ್ನು ಕನ್ನಡದ ಮಾತು. ಹೊರನಾಡ ಕನ್ನಡಿಗರ ಸಂಘದ ಸಂಚಿಕೆಯಲ್ಲಿ ಇದನ್ನು ಹೇಳದಿದ್ದರೆ ಇನ್ನೆಲ್ಲಿ ಹೇಳುವುದು? ಗಣಕಯಂತ್ರದಲ್ಲಿ ಕನ್ನಡ ಕೂಡಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು; ಹಾಗಾಗಿ ಈ ವಿಷಯದಲ್ಲಿ ಹೊರನಾಡಿನವರಿಗೆ ಕೊಂಚ ಹೆಮ್ಮೆ ಪಡುವ ಹಕ್ಕಿದೆ. ಆದರೆ ಆ ಮನೋಹರವಾದ ಆರಂಭದ ನಂತರ ದೊಡ್ಡ ಕಂಪನಿಗಳು ಕನ್ನಡವನ್ನು ಕಾಯಿಸಿದುದು ಹೇಗೆಂಬುದನ್ನು ನೋಡಬೇಕು. ಆಂಡ್ರಾಯ್ಡ್ 2014ರಲ್ಲಿ ತನ್ನ ಐದನೆಯ ಆವೃತ್ತಿಯಲ್ಲಿ ಕನ್ನಡವನ್ನು ಇಡೀ ಯಂತ್ರದ ಭಾಷೆಯಾಗಿ ಸ್ವೀಕರಿಸಿತು. ಪರದೆಯ ಮೇಲಿನ ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿ ಬರುವಂತಾಯಿತು. ಐಫೋನಿನಲ್ಲಿ ಕನ್ನಡದ ಕೀಲಿಮಣೆ ಬಂದುದೇ 2017ರಲ್ಲಿ. ಇಡೀ ಯಂತ್ರ ಕನ್ನಡದಲ್ಲಿ ಮಾತಾಡಲು 2025ರ ಐಓಎಸ್ 18.4 ಬರಬೇಕಾಯಿತು. ಒಂದು ದಶಕಕ್ಕೂ ಮೀರಿದ ಅಂತರ. ಲಕ್ಷ ರೂಪಾಯಿ ಕೊಟ್ಟು ಕೊಂಡವನ ಭಾಷೆಗೆ ಹತ್ತು ಸಾವಿರ ಕೊಟ್ಟವನ ಭಾಷೆಗಿಂತ ಕಡಿಮೆ ಮರ್ಯಾದೆ ದೊರೆಯಿತೆಂಬುದು ವಿಚಿತ್ರವಾದರೂ ಸತ್ಯ. ಅದಕ್ಕಿಂತ ವಿಚಿತ್ರವೆಂದರೆ, ಕೊಂಡವರಲ್ಲಿ ಬಹುಮಂದಿಗೆ ಆ ಕೊರತೆ ಕಾಣಲೇ ಇಲ್ಲ.

ಇದು ಬರಿಯ ಅಭಿಮಾನದ ಮಾತಲ್ಲ. ಕುಂದಾಪುರದ ಕಡೆಯಿಂದ ಬಂದ ಹಿರಿಯ ಅಡುಗೆ ಭಟ್ಟರಿಗೆ ಇಂಗ್ಲಿಷು ಬಾರದು, ಮರಾಠಿಯನ್ನು ಆಡಬಲ್ಲರೇ ಹೊರತು ಓದಲಾರರು. ನಾಳೆ ನೂರೈವತ್ತು ಎಲೆಯ ಊಟ, ಹೋಳಿಗೆ ಬೇಡ, ಪಾಯಸ ಎರಡು ಬಗೆ ಎಂಬ ಸೂಚನೆ ಅವರಿಗೆ ಕನ್ನಡದಲ್ಲಿ ತಲಪಿದರೆ ಮಾತ್ರ ತಪ್ಪಾಗುವುದಿಲ್ಲ. ನೇಪಾಳದಿಂದ ಬಂದ ಹುಡುಗನಿಗೆ ಅವನ ಭಾಷೆ ಬೇಕು. 2014ರ ಆಂಡ್ರಾಯ್ಡಿನ ಪಟ್ಟಿಯಲ್ಲಿ ನೇಪಾಳಿಯೂ ಇತ್ತು. ಹತ್ತು ಬಗೆಯ ಊರಿನ ಜನ ಒಂದು ಅಡುಗೆಮನೆಯಲ್ಲಿ ದುಡಿಯುವ ಮಹಾನಗರದ ಹೋಟೆಲಿಗೆ ಇದು ದಿನನಿತ್ಯದ ಅಗತ್ಯ. ವ್ಯಾಪಾರದ ತಂತ್ರಾಂಶಗಳೂ ನಮ್ಮ ದೇಶದಲ್ಲಿ ಮೊದಲು ಆಂಡ್ರಾಯ್ಡಿಗೆ ಬರುವುದೇ ಹೆಚ್ಚು. ವಾಟ್ಸ್ಆ್ಯಪಿನ ವ್ಯಾಪಾರಿ ಆವೃತ್ತಿ ಆಂಡ್ರಾಯ್ಡಿಗೆ 2018ರ ಜನವರಿಯಲ್ಲಿ ಬಂದರೆ ಐಫೋನಿಗೆ ಬಂದುದು 2019ರ ಏಪ್ರಿಲಿನಲ್ಲಿ. ಬಿಲ್ಲು ಮುದ್ರಿಸುವ ಪುಟ್ಟ ಯಂತ್ರವನ್ನು ಮೊದಲೇ ಕೊಂಡಿರುವವರು, ಅದು ಹೊಸ ಮೊಬೈಲಿನೊಡನೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿಯೇ ಒಂದು ಬಿಲ್ಲು ಮುದ್ರಿಸಿ ನೋಡುವುದೊಳ್ಳೆಯದು.

ಮತ್ತೊಂದು ಸಣ್ಣ ಮಾತು: ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿರುವ ಜಾಗದಲ್ಲಿ ಬಳಸಬಾರದೆಂದು ಅದರ ತಯಾರಕರೇ ಹೇಳಿದ್ದಾರೆ. ದೋಸೆ ಕಾವಲಿಯ ಪಕ್ಕದ ಗೂಡಿನಲ್ಲಿ ಮೊಬೈಲಿಡುವವರಿಗೆ ಬ್ಯಾಟರಿ ಬೇಗ ಸೊರಗುವುದರಲ್ಲಿ ಆಶ್ಚರ್ಯವಿಲ್ಲ. ಆಂಡ್ರಾಯ್ಡಿನ ಬ್ಯಾಟರಿಯೂ ಅದೇ ಲಿಥಿಯಮ್ಮಿನದು.

ಹಾಗಾದರೆ ಐಫೋನು ಯಾರಿಗೆ? ತಾನೊಬ್ಬನೇ ದುಡಿಯುವ, ಇತರರ ಗುಟ್ಟುಗಳನ್ನು ಕಾಯುವ ಉದ್ಯೋಗದವನಿಗೆ: ವೈದ್ಯನಿಗೆ, ವಕೀಲನಿಗೆ, ಲೆಕ್ಕಪರಿಶೋಧಕನಿಗೆ. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯಕೀಯದ ಮಾರ್ಗಸೂಚಿಗಳು ಸಂದೇಶ ಮತ್ತು ವಿಡಿಯೋ ಮೂಲಕ ರೋಗಿಗೆ ಸಲಹೆ ನೀಡಲು ವೈದ್ಯರಿಗೆ ಅನುಮತಿಯಿತ್ತವು. ಜತೆಗೇ ಆ ಸಂವಾದದ ದಾಖಲೆಗಳನ್ನು ಕಾಪಾಡುವ ಹೊಣೆಯನ್ನೂ ಹೊರಿಸಿದವು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಬಂದಿದೆ. ಅಂತಹ ವೈದ್ಯರಿಗೆ ದೀರ್ಘಕಾಲದ ತಿದ್ದುಪಡಿಯೂ ಹೊರಗಿನ ತಂತ್ರಾಂಶಕ್ಕೆ ಮುಚ್ಚಿದ ಬಾಗಿಲೂ ಬೆಲೆಬಾಳುವಂಥವು. ಆದರೆ ರೋಗಿ ಕಳಿಸಿದ ಹುಣ್ಣಿನ ಚಿತ್ರ, ರಕ್ತಪರೀಕ್ಷೆಯ ವರದಿ ಇವೆಲ್ಲ ತಾನೇತಾನಾಗಿ ಮನೆಯ ಚಿತ್ರಸಂಗ್ರಹಕ್ಕೆ ಸೇರಿ, ಮಗಳ ಹುಟ್ಟುಹಬ್ಬದ ಚಿತ್ರಗಳ ಪಕ್ಕದಲ್ಲಿ ಕುಟುಂಬದ ಎಲ್ಲರಿಗೂ ಕಾಣುವಂತಿದ್ದರೆ ಯಂತ್ರದ ಬೆಲೆಯಿಂದ ಏನು ಬಂತು? ಆ ಸೌಲಭ್ಯವನ್ನು ನಿಲ್ಲಿಸಲು ಎರಡು ನಿಮಿಷ ಸಾಕು, ನಿಲ್ಲಿಸಿದವರು ವಿರಳ.

ಐದಾರು ಮಂದಿ ಕೆಲಸಗಾರರಿರುವ ಸಂಸ್ಥೆಗೆ, ಎಲ್ಲರಿಗೂ ಒಂದೇ ಕಾರ್ಯವ್ಯವಸ್ಥೆ ಇರುವುದು ಲೇಸು. ಅದು ನಮ್ಮ ಪರಿಸ್ಥಿತಿಯಲ್ಲಿ ಆಂಡ್ರಾಯ್ಡೇ ಆಗುವುದು ಸಹಜ. ಮಾಲೀಕರಿಗೆ ಐಫೋನು, ಗಲ್ಲಾಕ್ಕೆ ಒಂದು ಕಂಪನಿಯದು, ಸಾಮಾನು ತರುವವನಿಗೆ ಅವನ ಸ್ವಂತದ್ದು ಎಂಬ ಕಲಬೆರಕೆಯಲ್ಲಿ ಒಬ್ಬನ ತೊಂದರೆಗೆ ಇನ್ನೊಬ್ಬನಲ್ಲಿ ಉತ್ತರವಿರುವುದಿಲ್ಲ. ಅದಕ್ಕಿಂತಲೂ ಮುಖ್ಯವಾದುದು ದೂರವಾಣಿ ಸಂಖ್ಯೆ. ಗಿರಾಕಿಗಳೆಲ್ಲ ಬರೆದುಕೊಂಡ ಸಂಖ್ಯೆ ಮೇನೇಜರನ ಸ್ವಂತ ಹೆಸರಿನಲ್ಲಿದ್ದರೆ, ಅವನು ಎದುರುಗಡೆ ಹೊಸ ಹೋಟೆಲು ತೆರೆದ ದಿನ ಗಿರಾಕಿಗಳೂ ಅವನ ಹಿಂದೆ ಹೋಗುತ್ತಾರೆ. ಸಿಮ್ ಕಾರ್ಡು ಸಂಸ್ಥೆಯ ಇಲ್ಲವೆ ಮಾಲೀಕರ ಹೆಸರಿನಲ್ಲಿರಬೇಕು. ವಾಟ್ಸ್ಆ್ಯಪನ್ನು ಮೂಲ ಯಂತ್ರವಲ್ಲದೆ ಇನ್ನೂ ನಾಲ್ಕು ಯಂತ್ರಗಳಿಗೆ ಜೋಡಿಸಬಹುದಾದುದರಿಂದ, ಆರ್ಡರು ತೆಗೆದುಕೊಳ್ಳುವ ಹುಡುಗನಿಗೆ ಮೂಲ ಸಿಮ್ಮನ್ನೇ ಕೊಡಬೇಕಾದ ಅಗತ್ಯವಿಲ್ಲ.

ಇಂತಹ ಸಂಚಿಕೆಗಳಲ್ಲಿ ರಕ್ತದೊತ್ತಡ, ಮಧುಮೇಹ, ನಿದ್ರಾಹೀನತೆಗಳ ಬಗ್ಗೆ ವೈದ್ಯರು ಬರೆಯುವುದು ರೂಢಿ. ಅವರು ಹೇಳುವ ಪಥ್ಯಗಳ ಸಾಲಿಗೆ ಮೊಬೈಲಿನ ಪಥ್ಯವೂ ಸೇರಬೇಕು. ರಾತ್ರಿ ಹನ್ನೊಂದಕ್ಕೆ ಷಟರ್ ಎಳೆದು ಮನೆಗೆ ಬಂದವನಿಗೆ ಹನ್ನೆರಡೂವರೆಗೆ ಸಪ್ಲೈಯರನ ಸಂದೇಶ, ಬೆಳಗಿನ ನಾಲ್ಕಕ್ಕೆ ಹಾಲಿನವನದು. ಆಂಡ್ರಾಯ್ಡಿನಲ್ಲಿ ಕೆಲಸದ ತಂತ್ರಾಂಶಗಳನ್ನು ಮನೆಯವುಗಳಿಂದ ಬೇರೆಯಾಗಿಯೇ ಇಡುವ ಏರ್ಪಾಡೊಂದಿದೆ. 'ವರ್ಕ್ ಪ್ರೊಫೈಲ್' ಎಂದು ಅದರ ಹೆಸರು. ಸಂಸ್ಥೆಯ ಯಂತ್ರಗಳನ್ನು ನಿರ್ವಹಿಸುವ ತಂತ್ರಾಂಶದ ಮೂಲಕ ಅದನ್ನು ಹೂಡಬೇಕಾಗುತ್ತದೆ. ಹೂಡಿದ ಮೇಲೆ ಒಂದು ಗುಂಡಿ ಒತ್ತಿದರೆ ಕೆಲಸದ ಭಾಗವೆಲ್ಲ ಮಲಗುತ್ತದೆ, ಮನೆಯ ಭಾಗ ಎಚ್ಚರವಿರುತ್ತದೆ. ಇಷ್ಟು ಕಷ್ಟ ಬೇಡವೆನ್ನುವವರಿಗೆ ಹಳೆಯ ಉಪಾಯವೇ ಉತ್ತಮ: ಅಂಗಡಿಗೊಂದು ಅಗ್ಗದ ಯಂತ್ರ, ಮನೆಗೊಂದು. ಅಂಗಡಿಯದು ಷಟರಿನ ಒಳಗೇ ಉಳಿಯಲಿ. ಊರಿನಲ್ಲಿರುವ ತಾಯಿಯ ಕರೆ ಮನೆಯದಕ್ಕೆ ಬರುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಪ್ರಸಂಗ ಇನ್ನೂ ಉಳಿದಿದೆ. ಐವತ್ತೈದು ವಯಸ್ಸಿನ ಮಾಲೀಕನೊಬ್ಬ ಗಲ್ಲಾದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದನೆಂದು ಭಾವಿಸಬಹುದು. ಹೆಂಡತಿ ಊರಿನಲ್ಲಿ, ಮಗ ಕಾಲೇಜಿನಲ್ಲಿ. ಅಂಗಡಿಯ ಹುಡುಗರು ಆತನ ಮೊಬೈಲನ್ನು ಎತ್ತಿಕೊಂಡರೆ ಅದಕ್ಕೆ ಬೀಗ. ಎರಡೂ ವ್ಯವಸ್ಥೆಗಳಲ್ಲಿ ಬೀಗ ತೆರೆಯದೆಯೇ ಕಾಣುವಂತೆ ರಕ್ತದ ಗುಂಪು, ಔಷಧಿಗಳ ಅಲರ್ಜಿ, ಯಾರಿಗೆ ಕರೆ ಮಾಡಬೇಕೆಂಬ ವಿವರ ಬರೆದಿಡುವ ತುರ್ತು ಪುಟವಿದೆ. ಐಫೋನಿನಲ್ಲಿ ಅದು 2014ರಿಂದಲೂ ಇದೆ. ಐದು ನಿಮಿಷದಲ್ಲಿ ತುಂಬಬಹುದಾದ ಆ ಪುಟ ಹೆಚ್ಚಿನವರಲ್ಲಿ ಖಾಲಿಯೇ.

ಆಮೇಲೆ ಆಸ್ಪತ್ರೆಯ ವಾರಗಳು. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಗಿರಾಕಿಗಳ ಹಣ ಬರುತ್ತಲೇ ಇರುತ್ತದೆ, ಏಕೆಂದರೆ ಅದು ಸೇರುವುದು ಬ್ಯಾಂಕಿನ ಖಾತೆಗೆ, ಮೊಬೈಲಿಗಲ್ಲ. ಆದರೆ ಹಾಲಿನವನಿಗೆ ಕೊಡುವುದು ಹೇಗೆ? ಮುಂದಿನ ಭಾನುವಾರದ ಮದುವೆಯವರು ಯಾರು, ಎಷ್ಟು ಮುಂಗಡ ಕೊಟ್ಟಿದ್ದಾರೆ? ಎಲ್ಲವೂ ಆರಂಕಿಯ ಒಂದು ಬೀಗದ ಹಿಂದೆ. ಐಫೋನಿನ ಆ ಸಂಖ್ಯೆ ತಿಳಿಯದಿದ್ದರೆ ಯಂತ್ರವನ್ನು ಅಳಿಸಿ ಹೊಸದು ಮಾಡಬಹುದೇ ಹೊರತು ಒಳಗಿನದನ್ನು ತೆಗೆದುಕೊಡಲು ಅದರ ಅಂಗಡಿಯವರಿಂದಲೂ ಆಗದು. ಕಳ್ಳನಿಗೆ ಅಡ್ಡನಿಂತ ಬಿಗಿ ಹೆಂಡತಿಗೂ ಅಡ್ಡ ನಿಲ್ಲುತ್ತದೆ. ಮರಣಾನಂತರ ಕಡತಗಳನ್ನು ಪಡೆಯಬಲ್ಲ ವಾರಸುದಾರರನ್ನು ಮೊದಲೇ ಹೆಸರಿಸುವ ಅವಕಾಶವನ್ನು ಆ್ಯಪಲ್ 2021ರ ಡಿಸೆಂಬರಿನಲ್ಲಿ ಕಲ್ಪಿಸಿತು. ಅದಕ್ಕೆ ಮರಣಪತ್ರ ಬೇಕು, ಅದರಿಂದ ಗುಪ್ತಪದಗಳು ದೊರೆಯುವುದಿಲ್ಲ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಲಗಿರುವವರ ವಿಷಯದಲ್ಲಿ ಅದು ಅನ್ವಯಿಸುವುದೂ ಇಲ್ಲ. ಗೂಗಲ್ 2013ರಿಂದಲೇ ಇಂತಹದೊಂದು ಏರ್ಪಾಡು ಇಟ್ಟಿದೆ. ಖಾತೆ ಕನಿಷ್ಠ ಮೂರು ತಿಂಗಳು ನಿಶ್ಚಲವಾಗಿದ್ದ ಮೇಲೆ ಹೆಸರಿಸಿದವರಿಗೆ ಸುದ್ದಿ ಹೋಗುತ್ತದೆ. ಹಾಲಿನವನು ಮೂರು ತಿಂಗಳು ಕಾಯುವವನಲ್ಲ.

ಈ ಗಳಿಗೆಯಲ್ಲಿ ನೆರವಾಗುವುದು ಹಳೆಯ ಕಾಲದ ಎಚ್ಚರಿಕೆಯೇ. ಬ್ಯಾಂಕಿನ ಚಾಲ್ತಿ ಖಾತೆಯಲ್ಲಿ ಸಹಿ ಮಾಡುವ ಅಧಿಕಾರ ಹೆಂಡತಿಗೋ ಪಾಲುದಾರನಿಗೋ ಮೊದಲೇ ಇರಬೇಕು. ಆಗ ಯುಪಿಐಯ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಕಾಗುವುದಿಲ್ಲ, ಹೇಳಲೂಬಾರದು. ಒಪ್ಪಿಕೊಂಡ ಆರ್ಡರುಗಳು, ಕೊಡಬೇಕಾದ ಬಾಕಿಗಳು ವಾರಕ್ಕೊಮ್ಮೆ ಒಂದು ಪುಸ್ತಕದಲ್ಲಿ ಬರೆದಿರಬೇಕು. ಮೊಬೈಲಿನ ಬೀಗದ ಸಂಖ್ಯೆ, ಯಾವ ಖಾತೆಯಲ್ಲಿ ಸಂಪರ್ಕಗಳು ಉಳಿದಿವೆ, ಲೆಕ್ಕದ ಪ್ರತಿ ಎಲ್ಲಿದೆ ಎಂಬ ಮೂರು ಸಾಲನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಮನೆಯ ತಿಜೋರಿಯಲ್ಲಿ ಆಸ್ತಿಪತ್ರಗಳ ಜತೆಗಿಟ್ಟು, ಅದು ಅಲ್ಲಿದೆಯೆಂದು ಮನೆಯವರಲ್ಲಿ ಒಬ್ಬರಿಗೆ ತಿಳಿಸಬೇಕು. ಯಂತ್ರ ಬದಲಾದ ದಿನ, ಅದು ಐಫೋನೇ ಆಗಲಿ ಆಂಡ್ರಾಯ್ಡೇ ಆಗಲಿ, ಹಳೆಯ ಕಾಗದವನ್ನು ಹರಿದು ಹೊಸದನ್ನು ಇಡಬೇಕು.